ಬಾಯಿಂದ ಬಾಯಿಗೆ ಬಂದ ಮೇನ್‌ಫ್ರೇಮ್

1968ರ ಒಂದು ಭಾನುವಾರ ಬೆಳಿಗ್ಗೆ ಕಾನ್ಪುರದ ಐಐಟಿಯಲ್ಲಿ ತಿಂಡಿಗೆ ಕೂತಿದ್ದ ವಿದ್ಯಾರ್ಥಿಗಳ ನಡುವೆ, ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಬಂದಿದ್ದ ಕಂಪ್ಯೂಟರ್ ವಿಜ್ಞಾನಿಯೊಬ್ಬರು ಮಾತಿಗೆ ತೊಡಗಿದರು. ಕಂಪ್ಯೂಟರಿನಿಂದ ಮುಂದೆ ಏನೇನಾಗಲಿದೆ ಎಂದು ಅವರು ಹೇಳುತ್ತಾ ಹೋದರು. ಕೇಳಿಸಿಕೊಂಡವರಲ್ಲಿ ಎನ್.ಆರ್. ನಾರಾಯಣ ಮೂರ್ತಿ ಒಬ್ಬರು. ಶಿಡ್ಲಘಟ್ಟದಲ್ಲಿ ಹುಟ್ಟಿದವರು, ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಮುಗಿಸಿ ಅಲ್ಲಿಗೆ ಹೋಗಿದ್ದವರು. ತಿಂಡಿ ಮುಗಿಸಿ ನೇರ ಲೈಬ್ರರಿಗೆ ಹೋದೆ, ಆ ವಿಜ್ಞಾನಿ ಹೇಳಿದ್ದ ನಾಲ್ಕೈದು ಪ್ರಬಂಧಗಳನ್ನು ಓದಿದೆ, ಕಂಪ್ಯೂಟರನ್ನೇ ಕಲಿಯಬೇಕೆಂದು ಗಟ್ಟಿ ಮಾಡಿಕೊಂಡು ಹೊರಬಂದೆ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಓದು ಮುಗಿದ ಮೇಲೆ ಅವರು ಸೇರಿದ್ದು ಅಹಮದಾಬಾದಿನ ಐಐಎಂ. ಅಲ್ಲಿ ಅವರು ಮುಖ್ಯ ಸಿಸ್ಟಮ್ಸ್ ಪ್ರೋಗ್ರಾಮರ್ ಆದರು.

ಅವರು ಮುಂದೆ ಕಟ್ಟಿದ ಇನ್ಫೋಸಿಸ್ ಕಥೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ತಿಂಡಿಯ ಹೊತ್ತಿನ ಆ ಮಾತು. ಏಕೆಂದರೆ ಸಿಸ್ಟಮ್ ಪ್ರೋಗ್ರಾಮರುಗಳ ವಿದ್ಯೆ ಹುಟ್ಟಿದ್ದು, ಬೆಳೆದದ್ದು, ಇವತ್ತಿಗೂ ಉಳಿದಿರುವುದು ಹೀಗೆ ಒಬ್ಬರು ಹೇಳಿ ಇನ್ನೊಬ್ಬರು ಕೇಳಿಸಿಕೊಂಡೇ.

ಮೇನ್‌ಫ್ರೇಮ್ ಎಂದರೆ ದೊಡ್ಡ ಬ್ಯಾಂಕು, ವಿಮೆ, ಕ್ರೆಡಿಟ್ ಕಾರ್ಡು, ವಿಮಾನದ ಟಿಕೆಟ್ಟುಗಳ ಲೆಕ್ಕವನ್ನು ಹಗಲೂ ರಾತ್ರಿ ನಿಲ್ಲಿಸದೆ ನೋಡಿಕೊಳ್ಳುವ ಯಂತ್ರ. ಅದರ ಮೇಲೆ ಬಡ್ಡಿ, ಕಂತು, ಪ್ರೀಮಿಯಂಗಳ ಪ್ರೋಗ್ರಾಂ ಬರೆಯುವವರು ಬೇರೆ. ಆಪರೇಟಿಂಗ್ ಸಿಸ್ಟಮ್ ಅನ್ನು ಯಂತ್ರಕ್ಕೆ ಹಾಕಿ, ಹೊಂದಿಸಿ, ರಾತ್ರಿ ಎರಡು ಗಂಟೆಗೆ ಏನಾದರೂ ಕೈಕೊಟ್ಟರೆ ಎಲ್ಲಿ ಕೆಟ್ಟಿದೆ ಎಂದು ಪತ್ತೆ ಹಚ್ಚುವವರು ಬೇರೆ. ಈ ಎರಡನೆಯವರೇ ಸಿಸ್ಟಮ್ ಪ್ರೋಗ್ರಾಮರುಗಳು. ಕೆಲಸದ ಜಾಗದಲ್ಲಿ ಅವರನ್ನು ಸಿಸ್‌ಪ್ರಾಗ್ ಎಂದೇ ಕರೆಯುತ್ತಾರೆ. ಅವರಿಗೆಂದು ಐಬಿಎಂ ಬರೆದಿಟ್ಟ ಮ್ಯಾನ್ಯುಯಲ್ಲುಗಳು ಕಪಾಟುಗಟ್ಟಲೆ ಇವೆ. ಎಲ್ಲವನ್ನೂ ಓದಿದರೂ ಕೆಲಸ ಬಾರದು.

ಒಬ್ಬರಿಂದೊಬ್ಬರು ಕಲಿಯಬೇಕು ಎಂಬುದು ಈ ವೃತ್ತಿಯವರ ಅರಿವಿಗೆ ಬಂದದ್ದು 1955ರಲ್ಲಿ. ಐಬಿಎಂ ಆಗ 704 ಎಂಬ ಯಂತ್ರವನ್ನು ಮಾರುತ್ತಿತ್ತು, ಆದರೆ ಅದರ ಜೊತೆಗೆ ಆಪರೇಟಿಂಗ್ ಸಿಸ್ಟಮ್ ಕೊಡುತ್ತಿರಲಿಲ್ಲ. ಕೊಂಡವರೆಲ್ಲ ಒಂದೇ ಬಗೆಯ ಪ್ರೋಗ್ರಾಮುಗಳನ್ನು ತಮ್ಮ ತಮ್ಮ ಕಟ್ಟಡಗಳಲ್ಲಿ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕಾಗಿತ್ತು. ಆ ವರ್ಷದ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿರುವ ರ‍್ಯಾಂಡ್ ಸಂಸ್ಥೆಯಲ್ಲಿ ಇವರೆಲ್ಲ ಸೇರಿ ಶೇರ್ ಎಂಬ ಕೂಟ ಕಟ್ಟಿದರು. ಬಂದವರಲ್ಲಿ ವಿಮಾನ ತಯಾರಿಸುವ ಕಂಪನಿಗಳವರೂ ಇದ್ದರು. ಮಾರುಕಟ್ಟೆಯಲ್ಲಿ ಎದುರಾಳಿಗಳಾದವರು ಇಲ್ಲಿ ಮಾತ್ರ ತಾವು ಕಂಡುಕೊಂಡಿದ್ದನ್ನು ಎದ್ದು ನಿಂತು ಹೇಳಿದರು, ಬರೆದ ಪ್ರೋಗ್ರಾಮುಗಳನ್ನು ಕೈ ಬದಲಿಸಿಕೊಂಡರು. ಮರುವರ್ಷವೇ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಕಂಪನಿಗಳವರು ಕೂಡಿ 704ಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್ ಬರೆದರು. ಜಗತ್ತಿನ ಮೊದಮೊದಲ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಅದೂ ಒಂದು. ಯಂತ್ರ ಮಾರಿದವರು ಕೊಡದಿದ್ದುದನ್ನು ಯಂತ್ರ ಕೊಂಡವರು ಮಾಡಿಕೊಂಡರು. ಶೇರ್ ಈಗಲೂ ಸಭೆ ನಡೆಸುತ್ತಿದೆ, ಅಲ್ಲಿ ಈಗಲೂ ತಾಂತ್ರಿಕ ಉಪನ್ಯಾಸಗಳೇ ಮುಖ್ಯ.

ಇಂಥ ಉಪನ್ಯಾಸಗಳಲ್ಲಿ ಏನು ಹೇಳುತ್ತಾರೆ? ಒಂದು ಉದಾಹರಣೆ ಕೊಡುತ್ತೇನೆ. ಈ ವೃತ್ತಿಯಲ್ಲಿ ಇದನ್ನು ಕೇಳದವರಿಲ್ಲ.

1964ರ ಏಪ್ರಿಲ್ 7ರಂದು ಐಬಿಎಂ ಸಿಸ್ಟಮ್/360 ಸರಣಿಯನ್ನು ಪ್ರಕಟಿಸಿತು. ಅದರ ಆಪರೇಟಿಂಗ್ ಸಿಸ್ಟಮ್‌ಗೆ ಕೆಲಸ ಒಪ್ಪಿಸಲು ಜೆಸಿಎಲ್ ಎಂಬ ಭಾಷೆ. ಯಾವ ಫೈಲು ಬೇಕು, ಯಾವುದನ್ನು ಹೊಸದಾಗಿ ಮಾಡಬೇಕು, ಯಾವುದನ್ನು ಅಳಿಸಬೇಕು ಎಂದು ಜೆಸಿಎಲ್‌ನಲ್ಲಿ ಬರೆದರೆ ಸಾಕು, ಸಿಸ್ಟಮ್ಮೇ ಅದನ್ನೆಲ್ಲ ಮಾಡುತ್ತದೆ. ಆದರೆ ಒಂದು ಷರತ್ತು: ಪ್ರತಿ ಹೆಜ್ಜೆಯಲ್ಲೂ ಯಾವುದಾದರೊಂದು ಪ್ರೋಗ್ರಾಂ ಓಡಲೇಬೇಕು. ಬರೀ ಒಂದು ಫೈಲು ಅಳಿಸಬೇಕಾದರೆ ಯಾವ ಪ್ರೋಗ್ರಾಂ ಓಡಿಸುವುದು? ಅದಕ್ಕೆಂದೇ ಏನೂ ಮಾಡದ ಒಂದು ಪ್ರೋಗ್ರಾಂ ಬರೆದರು. ಹೆಸರು ಐಇಎಫ್‌ಬಿಆರ್14. ಅದರಲ್ಲಿದ್ದದ್ದು ಒಂದೇ ಒಂದು ಆದೇಶ, ಎರಡು ಬೈಟಿನದು: ರಿಜಿಸ್ಟರ್ 14 ಎಂಬ, ಪ್ರೊಸೆಸರಿನೊಳಗಿನ ಪುಟ್ಟ ಗೂಡಿನಲ್ಲಿರುವ ವಿಳಾಸಕ್ಕೆ ಹೋಗು. ಅಂದರೆ, ಕರೆದವರಲ್ಲಿಗೆ ಹಿಂದಿರುಗು.

ಅದರಲ್ಲೂ ತಪ್ಪಿತ್ತು. ಪ್ರೋಗ್ರಾಂ ಮುಗಿದಾಗ ಎಲ್ಲ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಸಿಸ್ಟಮ್ ನೋಡುವುದು ರಿಜಿಸ್ಟರ್ 15ರಲ್ಲಿ. ಅಲ್ಲಿ ಸೊನ್ನೆ ಇದ್ದರೆ ಸರಿ ಎಂದು ಲೆಕ್ಕ. ಆದರೆ ಪ್ರೋಗ್ರಾಮನ್ನು ಕರೆಯುವಾಗ ಅದರ ಆರಂಭದ ವಿಳಾಸವನ್ನು ಇಡುವುದೂ ಅದೇ ರಿಜಿಸ್ಟರ್ 15ರಲ್ಲಿ. ಏನೂ ಮಾಡದ ಪ್ರೋಗ್ರಾಂ ಆ ವಿಳಾಸವನ್ನು ಮುಟ್ಟದೆ ಹಾಗೇ ಹಿಂದಿರುಗಿತು. ಸಿಸ್ಟಮ್ ಆ ವಿಳಾಸವನ್ನೇ ಫಲಿತಾಂಶವೆಂದು ಓದಿಕೊಂಡಿತು. ಕೊನೆಗೆ ರಿಜಿಸ್ಟರ್ 15ನ್ನು ಅದರಿಂದಲೇ ಕಳೆದು ಸೊನ್ನೆ ಮಾಡುವ ಇನ್ನೊಂದು ಆದೇಶ ಸೇರಿಸಿದರು. ಎರಡು ಬೈಟಿದ್ದದ್ದು ನಾಲ್ಕಾಯಿತು. ಐಇಎಫ್‌ಬಿಆರ್14 ಇವತ್ತಿಗೂ ಜಗತ್ತಿನ ಮೇನ್‌ಫ್ರೇಮುಗಳಲ್ಲಿ ಓಡುತ್ತಿದೆ.

ರಿಜಿಸ್ಟರುಗಳ ಈ ಒಪ್ಪಂದ ಮ್ಯಾನ್ಯುಯಲ್ಲಿನಲ್ಲಿ ಪಟ್ಟಿಯಾಗಿ ಅಚ್ಚಾಗಿದೆ. ಪಟ್ಟಿ ಓದಿದವರು ಮರೆಯುತ್ತಾರೆ, ಈ ಕಥೆ ಕೇಳಿದವರು ಮರೆಯುವುದಿಲ್ಲ. ಅದಕ್ಕೇ ಹಿರಿಯರು ಹೊಸಬರಿಗೆ ಮೊದಲು ಹೇಳುವುದು ಇದನ್ನು. ನಮ್ಮ ಕಡೆಯ ಹಿರಿಯನಾದರೆ, "ಏನ್ ಕೆಟ್ಟದೆ ಅಂತ ಆಮೇಲೆ ಹುಡುಕೀಯಂತೆ, ಹದಿನೈದರಲ್ಲಿ ಏನದೆ ನೋಡ್ಲಾ ಮೊದ್ಲು" ಎಂದಾನು.

ನಮ್ಮ ದೇಶದಲ್ಲಿ ಈ ಸರಪಳಿಯ ಮೊದಮೊದಲ ಕೊಂಡಿಗಳಲ್ಲಿ ಕಾನ್ಪುರವೂ ಒಂದು. 1963ರಲ್ಲಿ ಅಲ್ಲಿನ ಐಐಟಿಗೆ ಐಬಿಎಂ 1620 ಬಂತು. ಯಂತ್ರವನ್ನು ತಮ್ಮ ವಿದ್ಯಾರ್ಥಿಗಳಿಗಷ್ಟೇ ಇಟ್ಟುಕೊಳ್ಳದೆ, ಬೇರೆ ಬೇರೆ ವಿಶ್ವವಿದ್ಯಾಲಯ, ಪ್ರಯೋಗಾಲಯಗಳಿಂದ ಬಂದವರಿಗೂ ಹತ್ತು ದಿನಗಳ ಕೋರ್ಸುಗಳನ್ನು ನಡೆಸಿದರು. ಅಲ್ಲಿ ಕಲಿಸುತ್ತಿದ್ದವರಲ್ಲಿ ಪ್ರೊ. ವಿ. ರಾಜಾರಾಮನ್ ಪ್ರಮುಖರು. ದೇಶದ ಎರಡು ಮೂರು ತಲೆಮಾರಿನವರು ಪ್ರೋಗ್ರಾಮಿಂಗ್ ಕಲಿತದ್ದು ಅವರ ಪುಸ್ತಕಗಳಿಂದ. 1982ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿನ ಕಂಪ್ಯೂಟರ್ ಕೇಂದ್ರ ಶುರುವಾಗಿದ್ದು 1970ರ ಸುಮಾರಿಗೆ, ಐಬಿಎಂ 360/44 ಯಂತ್ರದೊಂದಿಗೆ.

ನಡುವೆ ಕೊಂಡಿಯೊಂದು ಕಳಚಿತ್ತು. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಇಳಿಸಬೇಕೆಂದು 1973ರ ವಿದೇಶಿ ವಿನಿಮಯ ಕಾಯ್ದೆ ಹೇಳಿತ್ತು. ಐಬಿಎಂ ಒಪ್ಪಲಿಲ್ಲ. ಜನತಾ ಸರ್ಕಾರದಲ್ಲಿ ಕೈಗಾರಿಕಾ ಮಂತ್ರಿಯಾಗಿದ್ದ, ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಬಗ್ಗಲಿಲ್ಲ. 1978ರಲ್ಲಿ ಐಬಿಎಂ ದೇಶ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳ ಆರೈಕೆ, 1975ರಲ್ಲಿ ಸ್ಥಾಪನೆಯಾಗಿದ್ದ ಸರ್ಕಾರಿ ಕಂಪನಿ ಸಿಎಂಸಿಯ ಪಾಲಿಗೆ ಬಂತು. ಹಳೆಯ ಯಂತ್ರಗಳನ್ನು ಬದುಕಿಸಿಕೊಂಡ ಆ ಎಂಜಿನಿಯರುಗಳ ಜಾಣ್ಮೆಯನ್ನು ನಾವು ಸಾಕಷ್ಟು ಹೊಗಳಿಲ್ಲ ಎಂದೇ ನನ್ನ ಅನಿಸಿಕೆ. ಐಬಿಎಂ ಮತ್ತೆ ಬಂದದ್ದು 1992ರಲ್ಲಿ, ಟಾಟಾ ಜೊತೆಗೂಡಿ, ಬೆಂಗಳೂರಿಗೆ.

ಆಮೇಲೆ 2000ನೇ ಇಸವಿಯ ಭಯ ಬಂತು. ಜಾಗ ಉಳಿಸಲೆಂದು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದ ಲೆಕ್ಕವಿಲ್ಲದಷ್ಟು ಕೋಬಾಲ್ ಭಾಷೆಯ ಪ್ರೋಗ್ರಾಮುಗಳು 00 ಬಂದಾಗ 1900 ಎಂದು ತಿಳಿದುಕೊಳ್ಳುವುವು ಎಂಬ ಭಯ. ಅವನ್ನು ಸಾಲು ಸಾಲಾಗಿ ಓದಿ ತಿದ್ದುವ ಕೆಲಸಕ್ಕೆ ಬೆಂಗಳೂರಿಗೆ ಜನ ಬೇಕಾಯಿತು. ನಮ್ಮ ಕಡೆಯಿಂದಲೂ ಜನ ಹೋದರು. ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆಯಾದದ್ದೂ ಅದೇ ಹೊತ್ತಿನಲ್ಲಿ, 1997ರಲ್ಲಿ. ಜಿಲ್ಲೆಗೆ ಆಗ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿರಲಿಲ್ಲ. ಅದು ತೆರೆದದ್ದು 2007ರಲ್ಲಿ. ಜಿಲ್ಲೆಯ ಗುಂಡ್ಲುಪೇಟೆಗೆ ರೈಲೂ ಇಲ್ಲ. ಅರಿಶಿನ, ಚೆಂಡುಹೂವು ಬೆಳೆಯುವ ಮನೆಗಳ ಹುಡುಗರು ಬಸ್ಸು ಹತ್ತಿ ಮೈಸೂರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿ, ಜೆರಾಕ್ಸ್ ನೋಟ್ಸು ಹಿಡಿದು ಕೋಬಾಲ್, ಜೆಸಿಎಲ್, ವಹಿವಾಟುಗಳನ್ನು ನಡೆಸುವ ಸಿಐಸಿಎಸ್ ಕಲಿತರು. ಮುಂದೆ ಇನ್ನೂ ಕೆಲವರಿಗೆ ಮೈಸೂರಿನ ಇನ್ಫೋಸಿಸ್ ತರಬೇತಿ ಕೇಂದ್ರವೇ ಮೇನ್‌ಫ್ರೇಮಿನ ಮೊದಲ ಪಾಠಶಾಲೆಯಾಯಿತು.

ಈ ನೆಲದವರಿಗೆ ಕೇಳಿ ಕಲಿಯುವುದು ಹೊಸದಲ್ಲ. ಮಂಟೇಸ್ವಾಮಿಯನ್ನು ಹಾಡುವ ನೀಲಗಾರರು, ಮಾದಪ್ಪನನ್ನು ಹಾಡುವ ಕಂಸಾಳೆಯವರು ರಾತ್ರಿಗಟ್ಟಲೆ ಸಾಗುವ ಕಾವ್ಯವನ್ನು ಮೇಳದಲ್ಲಿ ಕೂತು, ಗುರುವಿನ ಹಿಂದೆ ದನಿಗೂಡಿಸಿಯೇ ಕಲಿತವರು. ಸಿಸ್‌ಪ್ರಾಗ್ ಆಗುವುದೂ ಹಾಗೆಯೇ, ಹಿರಿಯರ ಪಕ್ಕದಲ್ಲಿ ಕೂತು. ಉದಾಹರಣೆಗೆ ಎಸ್0ಸಿ7. ಅಂಕಿ ಇರಬೇಕಾದ ಕಡೆ ಅಂಕಿಯಲ್ಲದ್ದು ಸಿಕ್ಕಾಗ ಪ್ರೋಗ್ರಾಂ ಈ ಸಂಕೇತ ಕೊಟ್ಟು ಸಾಯುತ್ತದೆ. ಸತ್ತ ಕ್ಷಣದ ನೆನಪಿನ ಪೂರ್ತಿ ನಕಲು, ಅಂದರೆ ಡಂಪು, ಪುಟಗಟ್ಟಲೆ ಬಂದು ಬೀಳುತ್ತದೆ. ಅದರಲ್ಲಿ ಹಿರಿಯರ ಕಣ್ಣು ಹೋಗುವುದು 40 40 ಎಂದಿರುವ ಕಡೆಗೆ. ಐಬಿಎಂ ಸಂಕೇತದಲ್ಲಿ 40 ಎಂದರೆ ಖಾಲಿ ಜಾಗ. 125 ಎಂಬ ಸಂಖ್ಯೆಯಾಗಿದ್ದರೆ 12 5ಸಿ ಎಂದಿರಬೇಕು. ಕೊನೆಯ ಸಿ ಅಕ್ಷರ ಧನಚಿಹ್ನೆ. ಚಿಹ್ನೆಯಿರಬೇಕಾದಲ್ಲಿ ಸೊನ್ನೆ ಇದೆ ಎಂದರೆ ಯಾರೋ ಮೊತ್ತವನ್ನೇ ತುಂಬದೆ ಬಿಟ್ಟಿದ್ದಾರೆ. ಒಮ್ಮೆ ಒಬ್ಬರು ಬೆರಳಿಟ್ಟು ತೋರಿಸಿದರೆ ಮುಂದೆ ನೀವೇ ನೋಡಬಲ್ಲಿರಿ.

ತೋರಿಸುವವರು ಕಡಿಮೆಯಾಗುತ್ತಿದ್ದಾರೆ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳ ಭಾರಕ್ಕೆ ಅಮೆರಿಕದ ನ್ಯೂಜೆರ್ಸಿಯ ಹಳೆಯ ವ್ಯವಸ್ಥೆ ತತ್ತರಿಸಿದಾಗ, ಕೋಬಾಲ್ ಬಲ್ಲವರು ಸ್ವಯಂಪ್ರೇರಿತರಾಗಿ ಮುಂದೆ ಬನ್ನಿ ಎಂದು ಅಲ್ಲಿನ ಗವರ್ನರೇ ಕೇಳಿಕೊಳ್ಳಬೇಕಾಯಿತು. ಯಂತ್ರಗಳು ಹೊಸದಾಗುತ್ತಲೇ ಇವೆ, ಐಬಿಎಂ 2022ರಲ್ಲಿ ಝಡ್16 ತಂದಿತು. ಬಲ್ಲವರು ಮಾತ್ರ ನಿವೃತ್ತರಾಗುತ್ತಿದ್ದಾರೆ.

ಕಲಿಯುವವರಿಗೆ ಯಂತ್ರವೇ ಸಿಗದು ಎಂಬ ಕಷ್ಟ ಈಗ ಇಲ್ಲ. 1999ರಲ್ಲಿ ರೋಜರ್ ಬೌಲರ್ ಶುರು ಮಾಡಿದ ಹರ್ಕ್ಯುಲಿಸ್ ಎಂಬ ಉಚಿತ ಪ್ರೋಗ್ರಾಂ ಸಾಧಾರಣ ಲ್ಯಾಪ್‌ಟಾಪಿನೊಳಗೇ ಮೇನ್‌ಫ್ರೇಮನ್ನು ಅನುಕರಿಸುತ್ತದೆ. ಅದರ ಮೇಲೆ ಐಬಿಎಂನ ಹಳೆಯ ಆಪರೇಟಿಂಗ್ ಸಿಸ್ಟಮ್ ಎಂವಿಎಸ್ 3.8 ಓಡುತ್ತದೆ. ಗುಂಡ್ಲುಪೇಟೆ ತಾಲೂಕಿನ ತೆರಕಣಾಂಬಿಯ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲೇ ಕೂತು ಜೆಸಿಎಲ್ ಬರೆದು, ಬೇಕೆಂದೇ ಎಸ್0ಸಿ7 ಬರಿಸಿ, ಡಂಪು ತೆಗೆದು ನೋಡಬಹುದು. ಅವಳಿಗೆ ಸಿಗದಿರುವುದು ಆ ಡಂಪನ್ನು ಅವಳ ಭಾಷೆಯಲ್ಲಿ ಬಿಡಿಸಿ ಹೇಳುವವರು. ಈ ಕೆಲಸದಲ್ಲಿ ಕೂದಲು ನೆರೆತ ಕನ್ನಡಿಗರು ಬೆಂಗಳೂರು, ಮೈಸೂರುಗಳಲ್ಲಿ ಇದ್ದಾರೆ. ಮೈಸೂರಿನಿಂದ ಚಾಮರಾಜನಗರಕ್ಕೆ ರೈಲಿದೆ. ತಿಂಗಳಿಗೊಂದು ಶನಿವಾರ, ಕಾಲೇಜಿನ ಒಂದು ಕೋಣೆ, ಒಂದು ಪ್ರೊಜೆಕ್ಟರ್, ಕನ್ನಡದಲ್ಲಿ ಎರಡು ಗಂಟೆ ಮಾತು. ಮೊದಲ ಶನಿವಾರ ರಿಜಿಸ್ಟರುಗಳಿಂದ ಶುರು ಮಾಡಬಹುದು, ಎರಡನೆಯದಕ್ಕೆ ಡಂಪು.