ಹಣಮಂತನ ಹವಾಯಿ ಚಪ್ಪಲಿ

ಹಣಮಂತನ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ನೀಲಿ ಪಟ್ಟಿಯದು. ಪಟ್ಟಿ ಕಿತ್ತ ಕಡೆ ಪಿನ್ನು ಚುಚ್ಚಿದ್ದ. ಗದೆ ಹೆಗಲ ಮೇಲಿತ್ತು, ಬಾಲ ಬೆನ್ನ ಹಿಂದಿನಿಂದ ಎದ್ದು ನೆತ್ತಿಯ ಮೇಲೆ ಬಾಗಿತ್ತು, ಕೆಂಪು ಮೂತಿ ಉಬ್ಬಿತ್ತು. ಅಗಸಿಯಿಂದ ಗುಡಿಕಟ್ಟೆಯ ತನಕ ಹುಡುಗರ ಹಿಂಡು ಹಿಂದೆ ಓಡುತ್ತಿತ್ತು. ನಾನೂ ಓಡುತ್ತಿದ್ದೆ, ಆದರೆ ನನ್ನ ಕಣ್ಣು ಆ ಪಿನ್ನಿನಲ್ಲೇ ಸಿಕ್ಕಿಕೊಂಡಿತ್ತು. ಮನೆಗೆ ಬಂದವನೇ ಹಗ್ಗ ಹೊಸೆಯುತ್ತ ಕುಂತ ಮುತ್ಯಾನನ್ನು ಕೇಳಿದೆ: ‘ಮುತ್ಯಾ, ಹಣಮಂತ ಚಪ್ಪಲ್ ಹಾಕ್ಕೋತಾನೇನ್?’

ಮುತ್ಯಾ ತಲೆ ಎತ್ತಲಿಲ್ಲ. ‘ನೆಲ ಸುಡ್ತದಲ್ಲೋ ತಮ್ಮಾ. ಲಂಕಾ ಸುಟ್ಟಾಂವಗೂ ಯಡ್ರಾಮಿ ಬಿಸಲ ತಡಿಯಂಗಿಲ್ಲ.’

ಆ ಉತ್ತರ ನನ್ನನ್ನು ಒಂದು ವರ್ಷ ಹಿಡಿದು ನಿಲ್ಲಿಸಿತು. ಮರುವರ್ಷ ಸಾಲಲಿಲ್ಲ.

ಈಗ ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಖಾಸಗಿ ಶಾಲೆಗಳಲ್ಲೂ ಕೆಂಪು ಟೊಪ್ಪಿಗೆಯ ಕ್ರಿಸ್ಮಸ್ ಅಜ್ಜ ಬರುತ್ತಾನೆ. ಚೀಲದ ತುಂಬ ಚಾಕಲೇಟು. ಹತ್ತಿಯ ಗಡ್ಡ ಗಾಳಿಗೆ ಸರಿದು ಒಳಗಿಂದ ಮಾಸ್ತರರ ಗಲ್ಲ ಕಂಡಿತೆಂದರೆ ಮಕ್ಕಳು ಹೋ ಎನ್ನುತ್ತಾರೆ. ಅಜ್ಜ ಹೊಸಬ, ಆದರೆ ವೇಷ ಹಾಕಿ ಬಂದವನನ್ನು ನಂಬಿ, ಒಂದು ದಿನ ಆ ನಂಬಿಕೆಯಿಂದ ಹೊರಗೆ ಬರುವುದು ಇಲ್ಲಿಯ ಮಕ್ಕಳಿಗೆ ಹೊಸದಲ್ಲ. ಅದನ್ನು ತಲೆಮಾರುಗಳಿಂದ ಮಾಡಿಸುತ್ತ ಬಂದವರು ನಮ್ಮ ಓಣಿಗೆ ಬಂದ ಆ ಹಣಮಂತನಂಥ ಹಗಲುವೇಷದವರು. ಆ ಅಜ್ಜ ಕೊಡಲು ಬರುತ್ತಾನೆ, ಇವರು ಬೇಡಲು ಬರುತ್ತಾರೆ, ಅಷ್ಟೇ ಫರಕು.

ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಗಳಲ್ಲಿ ಈ ಕಲೆ ಹೆಚ್ಚಾಗಿ ಬುಡ್ಗ ಜಂಗಮರ ಮನೆಗಳಲ್ಲಿ ಬೆಳೆದದ್ದು. ಮನೆಯೊಳಗೆ ತೆಲುಗು, ವೇಷದಲ್ಲಿ ಕನ್ನಡ. ಒಂದು ಮೇಳದಲ್ಲಿ ಏಳೆಂಟು ಮಂದಿ. ಒಂದು ಹಾರ್ಮೋನಿಯಂ, ಒಂದು ತಬಲಾ, ಒಂದು ಜೊತೆ ತಾಳ. ಊರ ಹೊರಗೆ ಗುಡಾರ ಹಾಕಿ, ಮೊದಲು ಹಿರಿಯರನ್ನು ಕಂಡು ಅಪ್ಪಣೆ ಕೇಳುತ್ತಾರೆ. ಆಮೇಲೆ ದಿನಕ್ಕೊಂದು ವೇಷ. ಇವತ್ತು ರಾಮ ಲಕ್ಷ್ಮಣರು ಸೀತೆಯನ್ನು ಹುಡುಕುತ್ತ ಓಣಿಗೆ ಬಂದರೆ, ನಾಳೆ ಶೂರ್ಪನಖಿ ಕೂದಲು ಕೆದರಿ ಚೀರುತ್ತ ಬರುತ್ತಾಳೆ, ನಾಡದ್ದು ಭಸ್ಮಾಸುರನ ಮುಂದೆ ಮೋಹಿನಿ ಕುಣಿಯುತ್ತಾಳೆ. ಹೆಣ್ಣು ವೇಷವೂ ಗಂಡಸರದ್ದೇ. ಸುಗ್ಗಿ ಮುಗಿದು ಮನೆಯಲ್ಲಿ ನಾಲ್ಕು ಕಾಳು ಇರುವ ಹೊತ್ತು ನೋಡಿ ಅವರು ಬರುತ್ತಾರೆ.

ಹಗಲುವೇಷ ಎಂಬ ಹೆಸರಿನಲ್ಲೇ ಕಸುಬಿನ ಕಷ್ಟ ಇದೆ. ಬಯಲಾಟ ರಾತ್ರಿಯದು. ಅಲ್ಲಿ ಅಟ್ಟ ಇದೆ, ಪರದೆ ಇದೆ, ಗ್ಯಾಸ್‌ಬತ್ತಿಯ ಬೆಳಕಿದೆ. ನೋಡುವವ ಹತ್ತು ಮಾರು ದೂರ ಕುಂತಿರುತ್ತಾನೆ. ಕಿರೀಟಕ್ಕೆ ಅಂಟಿಸಿದ ಬೇಗಡೆಯನ್ನು ಬಂಗಾರ ಮಾಡುವ ಕೆಲಸದಲ್ಲಿ ಅರ್ಧವನ್ನು ಕತ್ತಲೆಯೇ ಮಾಡಿಕೊಡುತ್ತದೆ. ಹಗಲುವೇಷದವನಿಗೆ ಇದ್ಯಾವುದೂ ಇಲ್ಲ. ನಡುಹಗಲು, ನೆತ್ತಿಯ ಮೇಲೆ ಸೂರ್ಯ, ಕೆಳಗೆ ಫರಸಿ ಹಾಸಿದ ಅಂಗಳ, ಮೊಳದ ಅಂತರದಲ್ಲಿ ಬಾಯಿಬಿಟ್ಟು ನಿಂತ ಹುಡುಗರು. ಬಣ್ಣದ ಬಿರುಕು, ಕಟ್ಟಿದ ದಾರ, ಅಂಟಿಸಿದ ಮೀಸೆ ಎಲ್ಲವೂ ಕಣ್ಣಿಗೆ ಬೀಳುವ ದೂರ. ಅಲ್ಲಿ ನಿಂತು ರಾವಣನಾಗಬೇಕು.

ಹಾಗಾಗಿ ಬೆಳಗಿನ ಬಣ್ಣದ ಹೊತ್ತೇ ಅರ್ಧ ಕಸುಬು. ಒಂದು ಕೈಯಲ್ಲಿ ಅಂಗೈಯಗಲದ ಕನ್ನಡಿ, ಇನ್ನೊಂದರಲ್ಲಿ ತುದಿ ಜಜ್ಜಿದ ಕಡ್ಡಿ. ಹಳಬರ ಪೆಟ್ಟಿಗೆಯಲ್ಲಿದ್ದ ಬಣ್ಣ ನಾಲ್ಕು: ಬಿಳಿಗೆ ಸಫೇತ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ದೀಪದ ಕಾಡಿಗೆ. ಕೊಬ್ಬರಿ ಎಣ್ಣೆಯಲ್ಲಿ ಅರೆದು ಮುಖಕ್ಕೆ ತೆಳುವಾಗಿ ಹಚ್ಚಿ, ಮೇಲೆ ಪುಡಿ ಒತ್ತಿದರೆ ಬಣ್ಣ ಕೂರುತ್ತದೆ, ಬೆವರು ಅದರ ಮೇಲಿಂದ ಹನಿಯಾಗಿ ಜಾರುತ್ತದೆ. ದಪ್ಪ ಹಚ್ಚಿದರೆ ಮೂರನೆಯ ಓಣಿಗೆ ಹೋಗುವಷ್ಟರಲ್ಲಿ ಮುಖ ಒಡೆಯುತ್ತದೆ. ಹುಬ್ಬನ್ನು ಎಷ್ಟು ಏರಿಸಬೇಕು ಎಂಬುದಕ್ಕೂ ಲೆಕ್ಕ ಇದೆ: ರಾಮನ ಹುಬ್ಬು ಬಿಲ್ಲಿನಂತೆ ಬಾಗಬೇಕು, ರಾವಣನದು ಹಣೆಗೆ ಹಾರಬೇಕು. ಈಗ ಪೇಟೆಯ ಬಣ್ಣದ ಡಬ್ಬಿಗಳು ಬಂದಿವೆ, ಹಚ್ಚುವ ಕೈ ಮಾತ್ರ ಹಳೆಯದೇ ಬೇಕು.

ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಅರ್ಧನಾರೀಶ್ವರ. ನೆತ್ತಿಯಿಂದ ಗದ್ದದವರೆಗೆ ಮೂಗಿನ ಮೇಲೆ ಒಂದು ಗೆರೆ. ಗೆರೆಯ ಬಲಕ್ಕೆ ವಿಭೂತಿ, ಅರೆ ಮೀಸೆ, ಜಡೆ; ಎಡಕ್ಕೆ ಅರಿಶಿಣದ ಗಲ್ಲ, ಮೂಗುತಿ, ಬಳೆ ತೊಟ್ಟ ಕೈ. ಹೊರಳಿ ಬಲಮಗ್ಗುಲು ತೋರಿದರೆ ಶಿವ, ಎಡಮಗ್ಗುಲು ತೋರಿದರೆ ಪಾರ್ವತಿ. ಹೊರಳಿದೊಡನೆ ದನಿ ಬದಲಾಗಬೇಕು, ಭುಜದ ಬಿಗಿ ಬದಲಾಗಬೇಕು, ಹೆಜ್ಜೆಯ ಅಗಲ ಬದಲಾಗಬೇಕು. ಇಬ್ಬರೂ ಜಗಳ ಆಡುತ್ತಾರೆ, ಆಡುವವನು ಒಬ್ಬನೇ. ಗೆರೆ ಎದುರಿಗೇ ಇದೆ, ಎಲ್ಲರಿಗೂ ಕಾಣುತ್ತಿದೆ. ಆದರೂ ಐದು ನಿಮಿಷದಲ್ಲಿ ಅಲ್ಲಿ ಗಂಡ ಹೆಂಡತಿ ಇಬ್ಬರು ನಿಂತಿರುತ್ತಾರೆ. ಏನನ್ನೂ ಮುಚ್ಚಿಡದೆ ನಂಬಿಸುವುದು ಎಂದರೆ ಇದೇ.

ಇನ್ನು ನಡತೆ. ವೇಷ ಹಾಕಿಕೊಂಡು ಹೊರಟ ಮೇಲೆ ಗುಡಾರಕ್ಕೆ ಮರಳುವ ತನಕ ಆತ ಆ ವೇಷವೇ. ಕೂಸು ಚೀರಲಿ, ನಾಯಿ ಬೆನ್ನಟ್ಟಲಿ, ಕಟ್ಟೆಯ ಮೇಲಿನ ಪಡ್ಡೆಗಳು ಚೇಷ್ಟೆ ಮಾಡಲಿ, ಉತ್ತರ ವೇಷದ ಬಾಯಿಂದಲೇ ಬರಬೇಕು. ಮುತ್ಯಾನ ಉತ್ತರ ಸಾಲದಾದ ಆ ಎರಡನೆಯ ವರ್ಷ ನಾನು ಪರೀಕ್ಷೆ ಮಾಡಿದೆ. ಹಿಂದಿನಿಂದ ಹೋಗಿ ಹಣಮಂತನ ಬಾಲ ಜಗ್ಗಿದೆ. ಆತ ‘ಏ ಹುಡುಗಾ’ ಎನ್ನಲಿಲ್ಲ. ಗರ್ರನೆ ತಿರುಗಿ, ಹಲ್ಲು ಕಿರಿದು, ನನ್ನ ತಲೆ ಹಿಡಿದು ಹೇನು ಹೆಕ್ಕಲು ಶುರು ಮಾಡಿದ. ಓಣಿಯೆಲ್ಲ ನಕ್ಕಿತು. ನನಗೆ ಅಳು, ಅದರ ನಡುವೆಯೂ ಅನುಮಾನ. ಬಾಲ ಕೈಗೆ ಬಟ್ಟೆಯಂತೆ ಸಿಕ್ಕಿತ್ತು, ಗರ್ಜನೆ ಮಾತ್ರ ಖರೇ ಮಂಗನದು.

ಮಕ್ಕಳ ನಂಬಿಕೆ ಹೀಗೇ ಸಡಿಲಾಗುವುದು. ಯಾರೋ ಬಂದು ‘ಅದೆಲ್ಲಾ ಸುಳ್ಳು’ ಎಂದರೆ ಅವರು ಬಿಡುವುದಿಲ್ಲ, ಜಗಳಕ್ಕೆ ನಿಲ್ಲುತ್ತಾರೆ. ಬಿಡಿಸುವುದು ಕಾಲು, ಕೈ, ದನಿ. ನಾಲ್ಕು ವರ್ಷದ ಕೂಸು ಶೂರ್ಪನಖಿಯನ್ನು ಕಂಡು ಅವ್ವನ ಸೆರಗಿನಲ್ಲಿ ಅಡಗುತ್ತದೆ. ಆರು ವರ್ಷದ್ದು ಸೆರಗಿನಿಂದ ಹೊರಗೆ ಬಂದು ಚಪ್ಪಲಿ ನೋಡುತ್ತದೆ, ಮಣಿಕಟ್ಟಿನ ಮೇಲೆ ಗಡಿಯಾರ ಬಿಚ್ಚಿಟ್ಟ ಬಿಳಿ ಗುರುತು ನೋಡುತ್ತದೆ, ನಿನ್ನೆಯ ರಾಮನ ಕೆಮ್ಮು ಇವತ್ತಿನ ಭೀಮನಿಗೂ ಯಾಕೆ ಬಂತು ಎಂದು ಯೋಚಿಸುತ್ತದೆ. ಎಂಟರದು ಎಲ್ಲ ತಿಳಿದೂ ತಮ್ಮನಿಗೆ ಹೇಳುವುದಿಲ್ಲ. ಬದಲಿಗೆ ಮೇಳದ ಮುಂದೆ ಮುಂದೆ ಓಡಿ ‘ಬರ್ಲಕತ್ಯಾರ, ಬರ್ಲಕತ್ಯಾರ’ ಎಂದು ಓಣಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ನಂಬಿಕೆ ಬಿಟ್ಟ ಹುಡುಗ ಮೇಳದ ಕಡೆಯವನಾದ.

ಕ್ರಿಸ್ಮಸ್ ಅಜ್ಜನ ವಿಷಯದಲ್ಲೂ ಹೀಗೇ. ಅವನ ಮೂಲಪುರುಷ ನಾಲ್ಕನೆಯ ಶತಮಾನದ ಬಿಷಪ್ ನಿಕೊಲಾಸ್, ಇಂದಿನ ಟರ್ಕಿಯ ಮೈರಾ ಊರಿನವನು. ಅವನ ಹೆಸರಿನಲ್ಲಿ ಬೆಳೆದ ಅಜ್ಜನ ಬಗ್ಗೆ 1897ರಲ್ಲಿ ನ್ಯೂಯಾರ್ಕಿನ ಎಂಟು ವರ್ಷದ ವರ್ಜೀನಿಯಾ ಓ’ಹ್ಯಾನ್ಲನ್, ಅವನು ನಿಜವಾಗಿ ಇದ್ದಾನೆಯೇ ಎಂದು ‘ದಿ ಸನ್’ ಪತ್ರಿಕೆಗೆ ಬರೆದು ಕೇಳಿದಳು. ಇದ್ದಾನೆ ಎಂದೇ ಪತ್ರಿಕೆ ಸಂಪಾದಕೀಯ ಬರೆಯಿತು. ದೊಡ್ಡವರು ಯಾವಾಗಲೂ ಇನ್ನೊಂದು ವರ್ಷ ತಡೆಯಲು ನೋಡುತ್ತಾರೆ, ನಮ್ಮ ಮುತ್ಯಾನ ಹಾಗೆ. ಸುಮಾರು ನೂರು ವರ್ಷದ ಮೇಲೆ, 1994ರಲ್ಲಿ, ಆಂಡರ್ಸನ್ ಮತ್ತು ಪ್ರೆಂಟಿಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಅಜ್ಜನನ್ನು ನಂಬುವುದನ್ನು ಬಿಟ್ಟ 52 ಮಕ್ಕಳನ್ನು ಮಾತಾಡಿಸಿದರು. ಹೆಚ್ಚಿನವರು ಏಳರ ಸುಮಾರಿಗೆ ತಾವೇ ಕಂಡುಹಿಡಿದಿದ್ದರು, ಮತ್ತು ಅವರಿಗೆ ಹೆಚ್ಚಾಗಿ ಆದದ್ದು ಖುಷಿಯೇ. ಬೇಸರ ಆದದ್ದು ತಂದೆತಾಯಿಗೆ.

ಆದರೆ ಆ ಮಕ್ಕಳು ಕಂಡುಹಿಡಿದಾಗ ಅಜ್ಜನ ಕಡೆಯಿಂದ ಉತ್ತರ ಹೇಳಲು ಯಾರೂ ಇರಲಿಲ್ಲ. ಹಗಲುವೇಷದಲ್ಲಿ ಇರುತ್ತಾರೆ. ಈ ಕಸುಬಿನ ಕಟ್ಟುಕಟ್ಟಳೆಯಲ್ಲಿ ಕೊನೆಯ ದಿನ ಎಂಬುದೊಂದಿದೆ. ದಿನದಿನವೂ ಮನೆಮನೆಗೆ ಕೈ ಒಡ್ಡುವುದಿಲ್ಲ; ಎಲ್ಲ ವೇಷ ಮುಗಿದ ಮೇಲೆ ಒಂದು ದಿನ ಬಂದು ಕಾಳು, ರೊಕ್ಕ, ಹಳೆ ಬಟ್ಟೆ ಕೇಳಿ ಪಡೆಯುತ್ತಾರೆ.

ಆ ಎರಡನೆಯ ವರ್ಷ ಕೊನೆಯ ದಿನ ನಮ್ಮ ಬಾಗಿಲಿಗೆ ಬಂದವನು ಸಣಕಲು ಮನುಷ್ಯ. ಬಿಳಿ ಅಂಗಿ, ಹೆಗಲಿಗೆ ಜೋಳಿಗೆ, ಕಾಲಲ್ಲಿ ಅದೇ ನೀಲಿ ಪಟ್ಟಿಯ ಚಪ್ಪಲಿ, ಕಿವಿಯ ಹಿಂದೆ ತೊಳೆದರೂ ಹೋಗದ ಕೆಂಪು. ಅವ್ವ ಒಂದು ಸೇರು ಜ್ವಾಳ ನನ್ನ ಕೈಗೇ ಕೊಟ್ಟು ‘ಹಾಕು’ ಎಂದಳು. ಹಾಕುವಾಗ ಆತ ನನ್ನ ಮುಖ ನೋಡಿದ. ‘ಬಾಲ ಜಗ್ಗಿದಾಂವ ನೀನೇ ಅಲ್ಲೇನೋ ತಮ್ಮಾ?’ ನಾನು ಮಾತಾಡಲಿಲ್ಲ. ‘ಹೆಂಗ ನಿಂದ್ರತದ ನೋಡ್ತಿ ಏನ್?’ ಎಂದವನೇ ಹೊಸ್ತಿಲ ಮುಂದೆ ಕುಂತು, ಗಂಟು ಬಿಚ್ಚಿ ಬಾಲ ತೆಗೆದ. ಒಳಗೆ ಬಗ್ಗಿಸಿದ ದಪ್ಪ ತಂತಿ. ಅದರ ಸುತ್ತ ಚಿಂದಿಬಟ್ಟೆ, ಬುಡದಲ್ಲಿ ದಪ್ಪಗೆ ಸುತ್ತಿ ತುದಿಗೆ ಹೋಗುತ್ತ ತೆಳ್ಳಗೆ. ಮೇಲೆ ಹಳದಿ ಅರಿವೆಯ ಹೊಲಿಗೆ. ಬುಡದಲ್ಲಿ ಎರಡು ಲಾಡಿ: ಒಂದು ಸೊಂಟಕ್ಕೆ, ಒಂದು ಬೆನ್ನಿಗೆ. ‘ಸೊಂಟಕ್ಕಷ್ಟೇ ಕಟ್ಟಿದ್ರ ಓಡುವಾಗ ಜೋತು ಬೀಳ್ತದ. ಬೆನ್ನಿಗೂ ಬಿಗಿದ್ರ ನಿಂದ್ರತದ’ ಎಂದ. ನನ್ನ ಸೊಂಟಕ್ಕೆ ಕಟ್ಟಿಯೂ ತೋರಿಸಿದ. ಬಾಲ ನಿಂತಿತು.

ರಾತ್ರಿ ಮುತ್ಯಾ ಕೇಳಿದ: ‘ಹಣಮಂತ ಖರೇನೋ ಸುಳ್ಳೋ?’ ‘ಸುಳ್ಳು’ ಎಂದೆ, ‘ಆದ್ರ ಬಾಲ ಭಾಳ ಛಂದ ಮಾಡ್ಯಾನ.’ ಮುತ್ಯಾ ಹಾಸಿಗೆಯ ಮೇಲೆ ಆ ಕಡೆ ಹೊರಳಿದ. ಬೇಸರವಾದದ್ದು ಅವನಿಗೆ.

ಕನ್ನಡದಲ್ಲಿ ‘ಅವನದೆಲ್ಲ ಹಗಲುವೇಷ’ ಎಂದರೆ ಬೈಗುಳ. ಮೋಸಗಾರ ಎಂದು ಅರ್ಥ. ಕಸುಬಿನವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಮೋಸಗಾರ ವೇಷ ಕಳಚುವುದಿಲ್ಲ. ಇವರು ಮುಖ ತೊಳೆದುಕೊಂಡು ಅದೇ ಬಾಗಿಲಿಗೆ ಬಂದು, ನಿನ್ನೆ ನಾನೇ ರಾವಣ, ನನ್ನ ಕೆಲಸ ಮೆಚ್ಚಿದರೆ ಕಾಳು ಹಾಕಿ ಎನ್ನುತ್ತಾರೆ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಬಹುರೂಪಿ ಚೌಡಯ್ಯ ಇದ್ದಾನೆ. ರೇಕಳಿಕೆಯವನು, ಅಂಕಿತ ‘ರೇಕಣ್ಣಪ್ರಿಯ ನಾಗಿನಾಥ’, ಕಾಯಕ ವೇಷ ಹಾಕುವುದು. ವೇಷಡಂಭವನ್ನು ಅಷ್ಟು ಝಾಡಿಸಿದ ಶರಣರು ವೇಷದ ಕಾಯಕದವನನ್ನು ತಮ್ಮೊಳಗೆ ಕೂಡಿಸಿಕೊಂಡರು. ಎರಡರ ಅಂತರ ಅವರಿಗೆ ಗೊತ್ತಿತ್ತು. ನಮ್ಮ ಯಡ್ರಾಮಿ ತಾಲ್ಲೂಕಿನದೇ ಆದ ಕಡಕೋಳದ ಮಡಿವಾಳಪ್ಪನವರ ತತ್ವಪದ ಪರಂಪರೆಗೂ ಹೊರಗಿನ ವೇಷ ಮತ್ತು ಒಳಗಿನ ನಡೆ ಬೇರೆ ಎಂಬುದು ಗೊತ್ತಿತ್ತು.

ಈಗ ಮೇಳಗಳು ಕಡಿಮೆ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾನಂದ ಸಾಗರರ ರಾಮಾಯಣ ಶುರುವಾದ ಮೇಲೆ ಮಕ್ಕಳ ಮನಸ್ಸಿನಲ್ಲಿ ರಾಮನಿಗೆ ಒಂದೇ ಮುಖ ಕೂತಿತು. ಓಣಿಗೆ ಬಂದ ರಾಮನನ್ನು ಅದರ ಜೊತೆ ತೂಗಿ ನೋಡತೊಡಗಿದರು. ಈಗ ಮೊಬೈಲು ಬಂದಿದೆ. ವೇಷದವರ ಮಕ್ಕಳೂ ಶಾಲೆ ಕಲಿತು ಬೇರೆ ದುಡಿಮೆ ನೋಡಿಕೊಳ್ಳುತ್ತಿದ್ದಾರೆ, ಅದು ಒಳ್ಳೆಯದೇ. ಬೇಡುವ ಕೈಯ ಅವಮಾನ ಉಂಡವರಿಗೆ ‘ಕಲೆ ಉಳಿಸಿ’ ಎಂದು ಹೇಳುವ ಹಕ್ಕು ಕಟ್ಟೆಯ ಮೇಲೆ ಕುಂತು ನೋಡಿದ ನಮಗಿಲ್ಲ. ಆದರೆ ಪರದೆಯ ಮೇಲಿನ ಹಣಮಂತ ಕೊನೆಯ ದಿನ ಬಾಗಿಲಿಗೆ ಬಂದು ಬಾಲ ಬಿಚ್ಚಿ ತೋರಿಸುವುದಿಲ್ಲ ಎಂಬುದು ನೆನಪಿರಲಿ.

ನಿಮ್ಮೂರ ಅಗಸಿಗೆ ಇನ್ನೂ ಯಾವುದಾದರೂ ಮೇಳ ಬಂದರೆ, ನಿಮ್ಮ ಮಗು ‘ಇಂವ ಖರೇ ಹಣಮಂತನಾ?’ ಎಂದು ಕೇಳಿದರೆ, ಹೌದು ಎನ್ನಬೇಡಿ, ಅಲ್ಲ ಎನ್ನಲೂಬೇಡಿ. ವೇಷವೆಲ್ಲ ಮುಗಿದ ಮೇಲೆ ಆತ ಬರಿ ಮುಖದಲ್ಲಿ ಬಾಗಿಲಿಗೆ ಬರುತ್ತಾನೆ. ಅವತ್ತು ಕಾಳನ್ನು ನೀವು ಹಾಕಬೇಡಿ, ಮಗುವಿನ ಕೈಯಿಂದ ಹಾಕಿಸಿ.