ಮನೆಯಲ್ಲಿ ಪುಸ್ತಕಕ್ಕೊಂದು ನೆಲೆ

ಮನೆಯೆಂದರೆ ಪ್ರತಿಯೊಂದು ವಸ್ತುವಿಗೂ ಒಂದು ನೆಲೆ ಇರುವ ತಾಣ. ದವಸಕ್ಕೆ ಕಣಜ, ಹಾಲು ಬೆಣ್ಣೆಗಳಿಗೆ ನೆಲವು, ದೀಪಕ್ಕೆ ಗೋಡೆಯ ಗೂಡು ಎಂದು ಹಿಂದಿನವರು ಮನೆ ಕಟ್ಟುವಾಗಲೇ ಗೊತ್ತುಮಾಡಿರುತ್ತಿದ್ದರು. ಪುಸ್ತಕಗಳ ಪಾಲಿಗೆ ಮಾತ್ರ ಇಂಥ ನಿಶ್ಚಿತವಾದ ನೆಲೆ ಎಷ್ಟೋ ಮನೆಗಳಲ್ಲಿ ಇಂದಿಗೂ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೆಲವು, ಟ್ರಂಕಿನ ತಳದಲ್ಲಿ ಕೆಲವು, ಅಟ್ಟದ ಗೋಣಿಚೀಲದಲ್ಲಿ ಕೆಲವು ಎಂಬಂತೆ ಅವು ಚದುರಿಹೋಗಿರುತ್ತವೆ. ಬೇಕಾದಾಗ ಕೈಗೆ ಸಿಕ್ಕದ ಪುಸ್ತಕ ಮನೆಯಲ್ಲಿದ್ದರೂ ಇಲ್ಲದಂತೆಯೇ ಸರಿ. ಪುಸ್ತಕವನ್ನು ಕೊಳ್ಳುವುದು ಎಷ್ಟು ಮುಖ್ಯವೋ, ಅದಕ್ಕೆ ತಕ್ಕ ಬೀರುವನ್ನೋ ಹಲಗೆಯನ್ನೋ ಆರಿಸುವುದೂ ಅಷ್ಟೇ ಮುಖ್ಯ.

ಪುಸ್ತಕವನ್ನು ಇಡುವುದರಲ್ಲಿ ಎರಡು ಉದ್ದೇಶಗಳಿವೆ. ಅದು ಕೆಡದಂತೆ ಕಾಪಾಡುವುದು ಒಂದು. ಓದುವವನ ಕೈಗೆ ಸುಲಭವಾಗಿ ಒದಗುವಂತೆ ಮಾಡುವುದು ಇನ್ನೊಂದು. ನಮ್ಮ ಹಿರಿಯರು ಮೊದಲನೆಯದರಲ್ಲಿ ಬಹಳ ಎಚ್ಚರ ವಹಿಸಿದ್ದರು. ತಾಳೆಗರಿಯ ಗ್ರಂಥಗಳನ್ನು ಎರಡು ಮರದ ಹಲಗೆಗಳ ನಡುವೆ ಇಟ್ಟು, ದಾರ ಸುತ್ತಿ, ಬಟ್ಟೆಯಲ್ಲಿ ಕಟ್ಟಿ ಜೋಪಾನ ಮಾಡುತ್ತಿದ್ದರು. ಗರಿಗಳು ಒಣಗಿ ಮುರಿಯದಿರಲೆಂದು ಎಣ್ಣೆ ಸವರುತ್ತಿದ್ದರು. ಹುಳು ಹಿಡಿಯದಿರಲೆಂದು ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಇರಿಸುವುದೂ ಉಂಟಾಗಿತ್ತು. ಈ ಎಚ್ಚರದ ಫಲ ಎಷ್ಟು ದೊಡ್ಡದೆಂಬುದಕ್ಕೆ ಮೈಸೂರಿನ ಒಂದು ಸಂಗತಿ ಸಾಕ್ಷಿಯಾಗಿದೆ. 1891ರಲ್ಲಿ ಸ್ಥಾಪಿತವಾದ ಅಲ್ಲಿನ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ಒಪ್ಪಿಸಿದರು. ಅದರಲ್ಲಿದ್ದುದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಅದು ಅಚ್ಚಾಗಿ ಹೊರಬಂದಿತು. ಆ ಕಟ್ಟು ಯಾವುದೋ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗಿದ್ದರೆ ಆಗುತ್ತಿದ್ದ ನಷ್ಟ ಎಷ್ಟೆಂದು ಊಹಿಸಬಹುದು.

ಆದರೆ ಕಾಪಾಡುವುದೊಂದೇ ಗುರಿಯಾದರೆ ಪುಸ್ತಕ ಓದುಗನಿಂದ ದೂರವಾಗುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಗ್ರಂಥಗಳನ್ನು ಕಬ್ಬಿಣದ ಸರಪಳಿಯಿಂದ ಹಲಗೆಗೆ ಬಿಗಿದಿಡುವ ಪದ್ಧತಿಯಿತ್ತು. ಇಂಗ್ಲೆಂಡಿನ ಹೆರೆಫರ್ಡ್ ಪಟ್ಟಣದ ಪ್ರಧಾನ ಇಗರ್ಜಿಯಲ್ಲಿ ಅಂಥ ಗ್ರಂಥಾಲಯವನ್ನು ಇಂದಿಗೂ ಕಾಣಬಹುದು. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ತಮ್ಮ ಪಂಚಸೂತ್ರಗಳಲ್ಲಿ ಪುಸ್ತಕದ ಬಳಕೆಗೆ ಮೊದಲ ಸ್ಥಾನ ಕೊಟ್ಟರು. ಗ್ರಂಥಾಲಯವು ಬೆಳೆಯುತ್ತ ಹೋಗುವಂಥದೆಂಬುದನ್ನು ಕೊನೆಯ ಸೂತ್ರವಾಗಿಸಿದರು. ದೊಡ್ಡ ಗ್ರಂಥಾಲಯಗಳಿಗೆ ಹೇಳಿದ ಈ ಮಾತು ಮನೆಯ ಒಂದೇ ಒಂದು ಬೀರುವಿಗೂ ಅನ್ವಯಿಸುತ್ತದೆ.

ಈ ವಿಚಾರವನ್ನು ತಿಳಿಯಲು ಭದ್ರಾವತಿಗಿಂತ ಒಳ್ಳೆಯ ಊರು ದೊರೆಯುವುದು ಕಷ್ಟ. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಈ ಊರಿನಲ್ಲಿ ಮರ, ಕಬ್ಬಿಣ, ಕಾಗದ ಮೂರೂ ಒಂದೆಡೆ ಸೇರಿದವು. ಸುತ್ತಲಿನ ಕಾಡುಗಳು ಒಳ್ಳೆಯ ಮರಗಳಿಗೆ ಹೆಸರಾದವು. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಸ್ಥಾಪಿತವಾದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಸ್ಥಾಪನೆಗೊಂಡ ಮೈಸೂರು ಕಾಗದ ಕಾರ್ಖಾನೆ ಹಲವು ದಶಕಗಳ ಕಾಲ ಭದ್ರಾನದಿಯ ದಡದಲ್ಲಿ ಕಾಗದವನ್ನು ತಯಾರಿಸಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿಯೇ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಹುಟ್ಟಿದವೆಂಬುದನ್ನು ನೆನೆದರೆ, ಕಬ್ಬಿಣವೂ ಪುಸ್ತಕವೂ ನಾಡಿಗೆ ಒಟ್ಟಿಗೇ ಬೇಕೆಂದು ಆ ಕಾಲದವರು ತಿಳಿದಿದ್ದರೆಂಬುದು ಸ್ಪಷ್ಟವಾಗುತ್ತದೆ.

ಉಕ್ಕಿನ ಕಾರ್ಖಾನೆಯ ನೌಕರರ ವಸತಿಗಾಗಿ ಬೆಳೆದ ಬಡಾವಣೆಯೇ ನ್ಯೂ ಟೌನ್. ಇಂಥ ವಸತಿಗೃಹಗಳಲ್ಲಿ ಬಾಳುವವರಿಗೆ ಎರಡು ತೊಡಕುಗಳಿವೆ. ಮನೆಯ ಅಳತೆ ಚಿಕ್ಕದು. ಅಲ್ಲದೆ ಅದು ಸ್ವಂತದ್ದಲ್ಲ. ಸೇವೆ ಮುಗಿದಾಗ ಸಾಮಾನ್ಯವಾಗಿ ಮನೆಯನ್ನು ಬಿಟ್ಟುಕೊಡಬೇಕಾಗುತ್ತದೆ. ಗಂಟು ಮೂಟೆ ಕಟ್ಟುವ ಆ ದಿನಗಳಲ್ಲಿ ಮೊದಲು ಭಾರವೆನಿಸುವುದು ಪುಸ್ತಕಗಳೇ. ಪಾತ್ರೆಗಳು ಲಾರಿಯೇರುತ್ತವೆ, ಪುಸ್ತಕಗಳು ತಕ್ಕಡಿಯೇರುತ್ತವೆ. ಮೂವತ್ತು ವರ್ಷ ಸಂಗ್ರಹಿಸಿದ್ದು ಹಳೆಯ ಕಾಗದದ ಬೆಲೆಗೆ ಹೋಗುತ್ತದೆ. ಆದುದರಿಂದ ಇಂಥ ಮನೆಗಳಿಗೆ ಗೋಡೆಯಲ್ಲಿ ಹುದುಗಿದ ಬೀರುವಿಗಿಂತ, ತಿರುಪುಗಳನ್ನು ಬಿಚ್ಚಿ ಸಾಗಿಸಬಹುದಾದ ಬೀರು ಮೇಲು. ಒಂದೇ ದೊಡ್ಡ ಬೀರುವಿಗೆ ಬದಲಾಗಿ, ಇಬ್ಬರು ಎತ್ತಬಹುದಾದ ಎರಡು ಚಿಕ್ಕ ಬೀರುಗಳಿದ್ದರೆ ಮತ್ತೂ ಅನುಕೂಲ. ಸ್ವಂತ ಮನೆ ಕಟ್ಟುವವರಿಗೆ ಈ ನಿರ್ಬಂಧವಿಲ್ಲ. ಅವರು ಹಳೆಯ ಮನೆಗಳ ನಾಗಂದಿಗೆಯಂತೆ ಗೋಡೆಗೆ ಹಲಗೆಗಳನ್ನು ಭದ್ರವಾಗಿ ಕೂರಿಸಬಹುದು.

ಮಲೆನಾಡಿನ ಅಂಚಿನಲ್ಲಿ ಪುಸ್ತಕಗಳ ಮೊದಲ ಶತ್ರು ತೇವ. ಆಗುಂಬೆಯಷ್ಟು ಮಳೆ ಭದ್ರಾವತಿಯಲ್ಲಿ ಸುರಿಯುವುದಿಲ್ಲವಾದರೂ, ಮಳೆಗಾಲದ ಗಾಳಿಯಲ್ಲಿ ತೇವಕ್ಕೆ ಕೊರತೆಯಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65ನ್ನು ಮೀರಿ ಬಹುಕಾಲ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಬೀರುವನ್ನು ಮಳೆಯ ಎರಚಲು ಬೀಳುವ ಹೊರಗೋಡೆಗೆ ಒತ್ತಿ ಇಡಬಾರದು. ಬಚ್ಚಲಿನ ಗೋಡೆಯೂ ಬೇಡ. ಗೋಡೆಗೂ ಬೀರುವಿಗೂ ನಡುವೆ ನಾಲ್ಕು ಬೆರಳು ಅಂತರವಿದ್ದರೆ ಗಾಳಿಯಾಡುತ್ತದೆ. ಎರಡನೆಯ ಶತ್ರು ಗೆದ್ದಲು. ಅದು ನೆಲದಿಂದ ಮಣ್ಣಿನ ಸುರಂಗ ಕಟ್ಟಿಕೊಂಡು ಕತ್ತಲೆಯಲ್ಲಿಯೇ ಮೇಲೇರುತ್ತದೆ. ಬೀರುವಿಗೆ ನೆಲದಿಂದ ಒಂದು ಗೇಣು ಎತ್ತರದ ಕಾಲುಗಳಿದ್ದರೆ ಕೆಳಗೆ ಗುಡಿಸಲೂ ಬಹುದು, ಗೆದ್ದಲಿನ ದಾರಿ ಕಣ್ಣಿಗೂ ಬೀಳುತ್ತದೆ. ಮೂರನೆಯದು ಬಿಸಿಲು. ನೇರವಾದ ಬಿಸಿಲಿಗೆ ರಕ್ಷಾಪುಟಗಳ ಬಣ್ಣ ಮಾಸುತ್ತದೆ, ಅಗ್ಗದ ಕಾಗದ ಬೇಗ ಹಳದಿಗಟ್ಟಿ ಪುಡಿಯಾಗುತ್ತದೆ.

ಮರದ ಬೀರು ಒಳ್ಳೆಯದೋ, ಕಬ್ಬಿಣದ ಬೀರು ಒಳ್ಳೆಯದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಚೆನ್ನಾಗಿ ಒಣಗಿದ ತೇಗದ ತಿರುಳು ಬಾಗುವುದು ಕಡಿಮೆ, ಗೆದ್ದಲಿಗೂ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಅದರ ಬೆಲೆ ಎಲ್ಲರಿಗೂ ಎಟುಕದು. ಹಸಿಮರದಿಂದ ಮಾಡಿದ್ದು ಸೊಟ್ಟಗಾಗಿ ಬಿರುಕು ಬಿಡುತ್ತದೆ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ ಅಗ್ಗವಾದರೂ ನೀರು ತಾಗಿದರೆ ಉಬ್ಬುತ್ತದೆ. ಉಕ್ಕಿನ ತಗಡಿನ ಬೀರುವನ್ನು ಗೆದ್ದಲು ತಿನ್ನದು. ಆದರೂ ಅದರ ಮೇಲೆ ಹತ್ತಿ ಒಳಗಿನ ಪುಸ್ತಕಗಳನ್ನು ಮುಟ್ಟಬಲ್ಲದು. ಗಾಳಿಯಾಡದ ಉಕ್ಕಿನ ಬೀರು ತಂಪು ಹೊತ್ತಿನಲ್ಲಿ ಒಳಗೆ ಬೆವರುವುದೂ ಉಂಟು. ಬಣ್ಣ ಕಿತ್ತುಹೋದೆಡೆ ತುಕ್ಕು ಹಿಡಿದು ಪುಸ್ತಕಗಳಿಗೆ ಕಲೆ ತಗಲುತ್ತದೆ. ಯಾವುದನ್ನು ಕೊಂಡರೂ, ಮಳೆಗಾಲ ಕಳೆದ ಮೇಲೆ ಪುಸ್ತಕಗಳನ್ನೆಲ್ಲ ತೆಗೆದು, ಧೂಳು ಕೊಡವಿ, ನೆರಳಿನಲ್ಲಿ ಗಾಳಿಗೆ ಹರಡುವ ಕೆಲಸ ತಪ್ಪದು. ಒಣಗಿದ ಬೇವಿನ ಎಲೆಯಾಗಲಿ ನುಸಿಗುಳಿಗೆಯಾಗಲಿ ಈ ಶ್ರಮಕ್ಕೆ ಸಾಟಿಯಾಗಲಾರದು.

ಬೀರುವನ್ನು ಕೊಳ್ಳುವವರು ಹೆಚ್ಚಾಗಿ ಮರೆಯುವುದು ಪುಸ್ತಕಗಳ ಭಾರವನ್ನು. ಒಂದು ಮೀಟರ್ ಉದ್ದದ ಹಲಗೆಯ ತುಂಬ ಪುಸ್ತಕಗಳನ್ನು ನಿಲ್ಲಿಸಿದರೆ ಸುಮಾರು 20ರಿಂದ 30 ಕಿಲೋಗ್ರಾಂ ತೂಕವಾಗುತ್ತದೆ. ಹೊರುವ ಹಲಗೆ ನಡುವೆ ಬಾಗುವುದಕ್ಕೆ ಒಂದು ನಿಯಮವಿದೆ. ಭಾರ ಉದ್ದಕ್ಕೂ ಸಮನಾಗಿದ್ದಾಗ, ಆಧಾರಗಳ ನಡುವಣ ಅಂತರವನ್ನು ಇಮ್ಮಡಿಗೊಳಿಸಿದರೆ ಬಾಗು ಇಮ್ಮಡಿಯಲ್ಲ, ಹದಿನಾರು ಮಡಿಯಾಗುತ್ತದೆ. ಹಲಗೆಯ ದಪ್ಪವನ್ನು ಇಮ್ಮಡಿಗೊಳಿಸಿದರೆ ಬಾಗು ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ನೋಡಲು ಅಂದವಾಗಿರುವ ನೀಳವಾದ ತೆಳುಹಲಗೆ ಕೆಲವೇ ವರ್ಷಗಳಲ್ಲಿ ಉಯ್ಯಾಲೆಯಂತೆ ಜೋತುಬೀಳುವುದು ಇದರಿಂದಲೇ. ಸುಮಾರು 20 ಮಿಲಿಮೀಟರ್ ದಪ್ಪದ ಮರದ ಹಲಗೆಗೆ 75 ಸೆಂಟಿಮೀಟರಿಗೊಂದು ಆಧಾರವಿದ್ದರೆ ಚಿಂತೆಯಿಲ್ಲ.

ಅಳತೆಯನ್ನು ನಿರ್ಧರಿಸಬೇಕಾದದ್ದು ಬಡಗಿಯಲ್ಲ, ಪುಸ್ತಕಗಳು. ಕನ್ನಡದ ಕತೆ, ಕಾದಂಬರಿ, ಪ್ರಬಂಧಗಳು ಬಹುಮಟ್ಟಿಗೆ ಕ್ರೌನ್ ಇಲ್ಲವೆ ಡೆಮಿ ಅಷ್ಟದಳದ ಆಕಾರದಲ್ಲಿ ಅಚ್ಚಾಗುತ್ತವೆ. ಡೆಮಿ ಪುಸ್ತಕದ ಎತ್ತರ ಸುಮಾರು 22 ಸೆಂಟಿಮೀಟರ್. ಆದುದರಿಂದ ಖಾನೆಗೆ 25 ಸೆಂಟಿಮೀಟರ್ ಎತ್ತರ, 20ರಿಂದ 25 ಸೆಂಟಿಮೀಟರ್ ಆಳ ಸಾಕು. ಆಳ ಇದಕ್ಕಿಂತ ಹೆಚ್ಚಾದರೆ ಒಂದು ಸಾಲಿನ ಹಿಂದೆ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ. ಹಿಂದಿನ ಸಾಲನ್ನು ಮನೆಯವರು ಬೇಗನೆ ಮರೆಯುತ್ತಾರೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಂಥ ದೊಡ್ಡ ಗ್ರಂಥಗಳಿಗೆ ಕೆಳಗಿನ ಖಾನೆಯನ್ನು ಎತ್ತರವಾಗಿ ಮಾಡಿಸಬೇಕು. ಭಾರ ಕೆಳಗಿದ್ದರೆ ಬೀರು ಮುಗ್ಗರಿಸುವುದಿಲ್ಲ. ಆದರೂ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದರ ಮೇಲ್ತುದಿಯನ್ನು ಗೋಡೆಗೆ ಒಂದು ಕೊಂಡಿಯಿಂದ ಬಿಗಿಯುವುದು ಕ್ಷೇಮ.

ಬೀರುವಿಗೆ ಬಾಗಿಲು ಬೇಕೆ ಎಂಬುದನ್ನು ಮನೆಯ ಸನ್ನಿವೇಶ ನೋಡಿ ತೀರ್ಮಾನಿಸಬೇಕು. ಧೂಳು ಏಳುವ ಬೀದಿಯ ಮಗ್ಗುಲಲ್ಲಿ ಗಾಜಿನ ಬಾಗಿಲು ಹಿತ. ಒಳಗಿನ ಪುಸ್ತಕ ಹೊರಗೆ ಕಾಣುತ್ತದೆ. ಆದರೆ ಬೀಗ ಹಾಕಿ, ಬೀಗದ ಕೈಯನ್ನು ಹಿರಿಯರೊಬ್ಬರು ಸೊಂಟಕ್ಕೆ ಸಿಕ್ಕಿಸಿಕೊಂಡರೆ, ಅದು ಸರಪಳಿಯ ಕಾಲಕ್ಕೆ ಹಿಂತಿರುಗಿದಂತೆ. ಮಕ್ಕಳ ಪುಸ್ತಕಗಳು ಮಕ್ಕಳ ಕೈಗೆಟುಕುವ ಖಾನೆಯಲ್ಲಿರಬೇಕು. ಅವರು ಒಂದೆರಡು ಹಾಳೆ ಹರಿದರೂ ಚಿಂತೆಯಿಲ್ಲ. ಹರಿದ ಹಾಳೆಯನ್ನು ಅಂಟಿಸಬಹುದು, ಹತ್ತು ವರ್ಷದವರೆಗೆ ಪುಸ್ತಕವನ್ನು ಮುಟ್ಟದೆ ಬೆಳೆದ ಮಗುವಿನಲ್ಲಿ ಓದಿನ ರುಚಿ ಹುಟ್ಟಿಸುವುದು ಅಷ್ಟು ಸುಲಭವಲ್ಲ.

ಕೊನೆಯದಾಗಿ, ಬೀರುವನ್ನು ಕೊಂಡ ದಿನವೇ ಅದು ತುಂಬಿಹೋಗುವಂತಿರಬಾರದು. ನಾಲ್ಕರಲ್ಲಿ ಒಂದು ಪಾಲು ಬರಿದಾಗಿರಲಿ. ಆ ಬರಿಯ ಜಾಗ ಮುಂದೆ ಬರಲಿರುವ ಪುಸ್ತಕಗಳಿಗೆ ಮೀಸಲು. ಬೆಲೆಬಾಳುವ ಬೀರು ಇಲ್ಲದಿದ್ದರೂ ಕೊರತೆಯಿಲ್ಲ. ಇಟ್ಟಿಗೆಗಳ ಮೇಲೆ ಗಟ್ಟಿಯಾದ ಎರಡು ಹಲಗೆಗಳನ್ನು ಹಾಸಿ, ತೇವ ತಾಗದಂತೆ, ಬೆಳಕಿನಲ್ಲಿ, ಎಲ್ಲರ ಕೈಗೆ ಸಿಗುವಂತೆ ಜೋಡಿಸಿದ ಐವತ್ತು ಪುಸ್ತಕಗಳು, ಬೀಗ ಜಡಿದ ಐನೂರಕ್ಕಿಂತ ಮನೆಗೆ ಹೆಚ್ಚು ಉಪಕಾರ ಮಾಡುತ್ತವೆ. ಇಂಥ ನೆಲೆಯಲ್ಲಿ ದಿನವೂ ಕೈಯಾಡಿದ ಪುಸ್ತಕಗಳನ್ನು ಮನೆ ಬದಲಾಯಿಸುವ ದಿನ ಯಾರೂ ತಕ್ಕಡಿಗೆ ಹಾಕಲಾರರು. ಪಾತ್ರೆಪಡಗಗಳ ಜೊತೆಯಲ್ಲಿ ಅವೂ ಲಾರಿಯೇರುತ್ತವೆ.