ಕೋಲಾರ ಸೀಮೆಯ ಬೆರಕೆ ಸೊಪ್ಪು ಮತ್ತು ಕಾಡುಹಣ್ಣುಗಳು

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವೆಲ್ಲ ಹರಿಯುವ ನದಿ ಒಂದೂ ಇಲ್ಲವೆಂಬುದು ರೈತರಿಗೆ ತಿಳಿದ ವಿಷಯವೇ. ಆದಾಗ್ಯೂ ಮುಂಗಾರಿನ ಎರಡು ಹದಮಳೆ ಬಿದ್ದೊಡನೆ ರಾಗಿಯ ಹೊಲದಲ್ಲಿಯೂ, ಬದುಗಳ ಮೇಲೆಯೂ, ಬೇಲಿಯ ಸಂದುಗಳಲ್ಲಿಯೂ ಬಿತ್ತದೆ ಬೆಳೆಯುವ ಸೊಪ್ಪುಗಳು ಹೇರಳವಾಗಿ ಹುಟ್ಟುತ್ತವೆ. ಅಣ್ಣೆ, ಗೋಣಿ, ಗಣಿಕೆ, ಚಗಚೆ, ಕಿರಕಸಾಲೆ ಮೊದಲಾದ ಇವುಗಳನ್ನು ಒಟ್ಟಿಗೆ ಕೂಡಿಸಿ ಬೇಯಿಸುವುದರಿಂದ ಬೆರಕೆ ಸೊಪ್ಪೆಂಬ ಹೆಸರು ಬಂದಿದೆ. ಕಳೆ ಎಂಬ ಮಾತನ್ನು ಹೊಲದ ಯಜಮಾನನು ಒಂದರ್ಥದಲ್ಲಿ ಆಡಿದರೆ ಅವನ ಮನೆಯ ಹೆಂಗಸರು ಇನ್ನೊಂದರ್ಥದಲ್ಲಿ ಆಡುವರು.

ರಾಗಿಯಲ್ಲಿ ಸುಣ್ಣದ ಅಂಶವು ಧಾರಾಳವಾಗಿದೆ. ಆದರೆ ಎ ಜೀವಸತ್ವವು ಅತ್ಯಲ್ಪ, ಸಿ ಜೀವಸತ್ವವು ಇಲ್ಲವೆನ್ನಬಹುದು. ಮುದ್ದೆಯ ಈ ಕೊರತೆಯನ್ನು ಸೊಪ್ಪಿನ ಸಾರು ಬಹುಮಟ್ಟಿಗೆ ತುಂಬುತ್ತದೆ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವು ಮೈಗೆ ಹತ್ತಬೇಕಾದರೆ ಊಟದ ಜೊತೆಗೆ ನೆಲ್ಲಿಕಾಯಿ ಅಥವಾ ನಿಂಬೆಯ ಹುಳಿ ಇರುವುದು ಒಳ್ಳೆಯದು. 1876ರಿಂದ 1878ರ ವರೆಗಿನ ಮಹಾಕ್ಷಾಮದಿಂದ ಮೈಸೂರು ಸೀಮೆಯ ಜನಸಂಖ್ಯೆಯು 1871ರಲ್ಲಿ ಸುಮಾರು 50 ಲಕ್ಷವಿದ್ದುದು 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಅಂಥ ಕಾಲದಲ್ಲಿ ಸೊಪ್ಪುಸದೆಗಳ ಗುರುತು ಬಲ್ಲವರಿಗೂ ಅರಿಯದವರಿಗೂ ಎಷ್ಟು ಅಂತರವೆಂಬುದನ್ನು ವಿವರಿಸಬೇಕಾದುದಿಲ್ಲ.

ಗುರುತು ತಪ್ಪಿದರೆ ಮಾತ್ರ ಪ್ರಾಣಕ್ಕೇ ಅಪಾಯವುಂಟು. ಉಮ್ಮತ್ತಿಯ ಎಳೆಯ ಸಸಿಯು ಬೆರಕೆ ಸೊಪ್ಪಿನ ನಡುವೆಯೇ ಹುಟ್ಟುವುದು. ಅದರ ಎಲೆಯನ್ನು ಹಿಸುಕಿದರೆ ಕೆಟ್ಟ ವಾಸನೆ ಬರುತ್ತದೆ. ಅದು ಸಾರಿನಲ್ಲಿ ಬೆರೆತರೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಉಂಡವರು ಭ್ರಾಂತರಂತೆ ಬಡಬಡಿಸುವರು. ಬೇಯಿಸಿದರೆ ವಿಷವು ಹೋಗುವುದಿಲ್ಲ. ಹೀಗಾದಾಗ ಮಂತ್ರ, ತಂತ್ರ, ಮನೆಮದ್ದುಗಳಲ್ಲಿ ಹೊತ್ತು ಕಳೆಯದೆ, ಉಳಿದ ಸೊಪ್ಪನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗತಕ್ಕದ್ದು. ಬೇಲಿಯ ಕಾಡುಹರಳಿನ ಬೀಜವು ರುಚಿಯಾಗಿರುವುದರಿಂದ ಮಕ್ಕಳು ತಿಂದು ವಾಂತಿಭೇದಿಗೆ ಗುರಿಯಾಗುವರು. ಶಾಲೆಯ ಸುತ್ತ ಆ ಬೇಲಿ ಇಲ್ಲದಿರುವುದೇ ಲೇಸು. ಗಣಿಕೆಯ ಹಣ್ಣನ್ನು ಚೆನ್ನಾಗಿ ಕಪ್ಪಾದ ಮೇಲೆಯೇ ತಿನ್ನಬೇಕು, ಹಸಿರು ಕಾಯಿ ವಿಷಕರ. ಗುಲಗಂಜಿಯನ್ನು ಮಕ್ಕಳ ಕೈಗೆ ಕೊಡಲೇಬಾರದು.

ಹಣ್ಣುಗಳ ವಿಷಯದಲ್ಲಿ ಇಷ್ಟು ಭಯವಿಲ್ಲ. ಮುಂಗಾರಿನ ಆರಂಭದಲ್ಲಿ ನೇರಳೆ, ಈಚಲು, ಚಳಿಗಾಲದಲ್ಲಿ ಎಲಚಿ, ಶಿವರಾತ್ರಿಯ ಆಚೀಚೆ ಹುಣಸೆ. ಕವಳಿ, ಕಾರೆ, ಬೇಲಗಳು ಗೋಮಾಳದ ಪೊದೆಗಳಲ್ಲಿ ದೊರೆಯುವುವು. ಭಾದ್ರಪದ, ಆಶ್ವಯುಜ ಮಾಸಗಳಲ್ಲಿ ಕಲ್ಲುಗುಡ್ಡಗಳ ಸೀತಾಫಲವೇ ಮುಖ್ಯವಾದುದು. ಹೆಸರು ಸೀತಾದೇವಿಯದಾದರೂ ಗಿಡವು ಅಮೆರಿಕ ಖಂಡದಿಂದ ಬಂದುದು. ಅದರ ಬೀಜವನ್ನು ಅರೆದು ಹೇನಿಗೆ ಹಚ್ಚುವ ರೂಢಿಯನ್ನು ಬಿಡಬೇಕು, ಕಣ್ಣಿಗೆ ತಾಗಿದರೆ ಕಣ್ಣುಗುಡ್ಡೆ ಹುಣ್ಣಾಗುವುದು.

ಈ ಪೊದೆಗಳಿದ್ದ ನೆಲದಲ್ಲಿ ಅನೇಕ ಕಡೆ ನೀಲಗಿರಿ ನೆಡಲಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರವು 2017ರಲ್ಲಿ ನಿಷೇಧಿಸಿತು. ಅದನ್ನು ಕಿತ್ತ ಜಾಗದಲ್ಲಿ ಒಂದು ಅಂಚನ್ನಾದರೂ ನೇರಳೆ, ಬೇಲ, ಸೀತಾಫಲಗಳಿಗೆ ಬಿಡುವಂತೆ ಗ್ರಾಮದ ಮುಖ್ಯಸ್ಥರು ಏರ್ಪಾಟು ಮಾಡಬಹುದು. ಮೂರು ನಾಲ್ಕು ವರ್ಷ ದನಕರುಗಳಿಂದ ಕಾಪಾಡಿದರೆ ಸೀತಾಫಲವು ಫಲ ಕೊಡುವುದು.

ಕೆರೆಯ ಸೊಪ್ಪಿನ ವಿಚಾರ ಬೇರೆ. 2018ರಿಂದ ಜಿಲ್ಲೆಯ ಅನೇಕ ಕೆರೆಗಳಿಗೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಹರಿಸಲಾಗಿದೆ. ಇದರಿಂದ ಅಂತರ್ಜಲಕ್ಕೆ ಪ್ರಯೋಜನವುಂಟೆಂಬುದು ನಿಜ. ಆದರೆ ನೀರಂಚಿನ ಹೊನಗೊನ್ನೆ, ಒಂದೆಲಗಗಳು ನೀರಿನಲ್ಲಿರುವುದನ್ನು ಹೀರುವ ಜಾತಿಯವು. ಅಂಥ ಕೆರೆಯಂಗಳದಲ್ಲಿ ಕೊಯ್ಯದೆ, ಹಿತ್ತಲಿನಲ್ಲಿ ಬಾವಿಯ ನೀರಿಗೆ ಬೆಳೆಸಿಕೊಳ್ಳುವುದು ಕ್ಷೇಮ. ಒಂದೆಲಗವನ್ನು ಹಸಿಯಾಗಿಯೇ ಅರೆದು ತಿನ್ನುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕಳೆ ಕೀಳುವ ಕೂಲಿ ಹೆಂಗಸರು ಸಂಜೆ ಮಡಿಲು ತುಂಬ ಸೊಪ್ಪನ್ನು ಒಯ್ಯುವುದು ಹಿಂದಿನಿಂದ ಬಂದ ಪದ್ಧತಿ. ಅದನ್ನು ತಡೆಯುವ ಹಿಡುವಳಿದಾರರು ವಿರಳ. ಆದರೆ ಕಳೆನಾಶಕ ಅಥವಾ ಕೀಟನಾಶಕ ಹೊಡೆದ ಸಂಗತಿಯನ್ನು ಹೇಳದೆ ಇರುವವರು ಅಷ್ಟು ವಿರಳರಲ್ಲ. ಔಷಧ ಹೊಡೆದ ಹೊಲದ ಸೊಪ್ಪು ಎರಡು ದಿನ ಹಸಿರಾಗಿಯೇ ಕಾಣಬಹುದು, ತೊಳೆದರೆ ವಿಷವೆಲ್ಲ ಹೋಗುವುದೂ ಇಲ್ಲ. ಆದಕಾರಣ ಹೊಡೆಯುವ ಹಿಂದಿನ ದಿನವೇ ಕೇರಿಕೇರಿಗೆ ತಿಳಿಸಿ, ಹೊಲದ ನಾಲ್ಕು ಮೂಲೆಗಳಲ್ಲಿ ಬಿಳಿಯ ಬಟ್ಟೆ ಕಟ್ಟಿದ ಕೋಲುಗಳನ್ನು ನೆಟ್ಟು, ಆ ಹಂಗಾಮು ಮುಗಿಯುವವರೆಗೂ ಅವುಗಳನ್ನು ತೆಗೆಯದೆ ಬಿಡತಕ್ಕದ್ದು.